‘ಪಾಶ್’ ಹುಟ್ಟಿದ್ದು ಹಡಗಿನ ಟಿಕೆಟ್ಟಿನ ಮೇಲೆಯೇ?

ಪ್ರಶ್ನೆ: ಶ್ರೀಮಂತರ ಬಡಾವಣೆಗೆ ‘ಪಾಶ್ ಏರಿಯಾ’ ಎನ್ನುತ್ತೇವಲ್ಲ, ಆ ಶಬ್ದ ಭಾರತಕ್ಕೆ ಬರುತ್ತಿದ್ದ ಹಡಗುಗಳ ಟಿಕೆಟ್ಟಿನ ಮೇಲಿನ ನಾಲ್ಕು ಅಕ್ಷರಗಳಿಂದ ಹುಟ್ಟಿತೆಂಬುದು ನಿಜವೇ?

ಉತ್ತರ: ನಿಜವಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ವರ್ಷವೂ ಇದನ್ನೇ ಕೇಳುವುದರಿಂದ ಈ ಸಲ ಬರೆದೇ ತಿಳಿಸುತ್ತೇನೆ.

ನಾವಿಕರ ಮಾತಿನಲ್ಲಿ ಹಡಗಿನ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ಇಂಗ್ಲೆಂಡಿನಿಂದ ಪೂರ್ವಕ್ಕೆ ಬರುವಾಗ ಎಡಬದಿಯೂ ಮರಳುವಾಗ ಬಲಬದಿಯೂ ಉತ್ತರಕ್ಕಿದ್ದು ತಂಪಾಗಿರುತ್ತಿದ್ದುದರಿಂದ, ದುಡ್ಡಿದ್ದವರು ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂದು ಕ್ಯಾಬಿನ್ ಹಿಡಿಯುತ್ತಿದ್ದರು, ಪಿ ಆಂಡ್ ಓ ಎಂಬ ಹಡಗು ಕಂಪನಿ ಆ ಮೊದಲಕ್ಷರಗಳ (P.O.S.H.) ಮುದ್ರೆಯನ್ನು ಟಿಕೆಟ್ಟಿಗೆ ಒತ್ತುತ್ತಿತ್ತು ಎಂಬುದು ಕಥೆ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಬಸ್ಸಿನ ಎಡಗಡೆಯ ಕಿಟಕಿ, ಬರುವಾಗ ಬಲಗಡೆಯದನ್ನು ಹಿಡಿಯುವ ನಮಗೆ ಈ ಲೆಕ್ಕ ಸಹಜವೆನಿಸುತ್ತದೆ. ಆದರೆ ನೆರಳಿನ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಶಬ್ದದ ಹುಟ್ಟು ಸಿದ್ಧವಾಗುವುದಿಲ್ಲ.

ಅಂಥ ಮುದ್ರೆಯ ಒಂದು ಟಿಕೆಟ್ಟೂ ಇಂದಿಗೂ ಸಿಕ್ಕಿಲ್ಲ. 1918ರಲ್ಲಿ ಲಂಡನ್ನಿನ ಪಂಚ್ ಪತ್ರಿಕೆಯ ವ್ಯಂಗ್ಯಚಿತ್ರವೊಂದರಲ್ಲಿ ಮಗ ಈ ಶಬ್ದವನ್ನು ಬಳಸುತ್ತಾನೆ, ತಾಯಿ ಅರ್ಥ ಕೇಳುತ್ತಾಳೆ, ಅದು ಆಡುಮಾತು ಎಂದು ಮಗ ವಿವರಿಸುತ್ತಾನೆಯೇ ಹೊರತು ಹಡಗಿನ ಹೆಸರೆತ್ತುವುದಿಲ್ಲ. ಹಡಗಿನ ವಿವರಣೆ ಅಚ್ಚಿನಲ್ಲಿ ಕಾಣಿಸಿದ್ದು 1935ರಲ್ಲಿ. ಅಷ್ಟು ಹೊತ್ತಿಗೆ ಶಬ್ದ ಬಳಕೆಯಲ್ಲಿ ಹಳತಾಗಿತ್ತು. ಮೇಲಾಗಿ, ಮೊದಲಕ್ಷರಗಳನ್ನು ಕೂಡಿಸಿ ಶಬ್ದ ಕಟ್ಟುವ ರೂಢಿ ಆ ಕಾಲದ ಇಂಗ್ಲಿಷಿನಲ್ಲಿ ತೀರ ವಿರಳವಾಗಿತ್ತು. ಕಚೇರಿಗಳ ‘ಪಾಶ್ ಸಮಿತಿ’ ನಿಜಕ್ಕೂ ಮೊದಲಕ್ಷರಗಳ ಹೆಸರೇ, ಆದರೆ ಅದು ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಿಂದ ಬಂದದ್ದು. ಎರಡನ್ನೂ ದಯವಿಟ್ಟು ಬೆರೆಸಬಾರದು.

ಹಾಗಾದರೆ ಮೂಲ ಯಾವುದು? ನಿಘಂಟುಕಾರರು ಕೊನೆಯ ತೀರ್ಪು ಕೊಟ್ಟಿಲ್ಲ. ಆದರೂ 19ನೇ ಶತಮಾನದ ಕಳ್ಳರ ಗುಪ್ತಭಾಷೆಯಲ್ಲಿ ಇದೇ ಶಬ್ದಕ್ಕೆ ಅರ್ಧ ಪೆನ್ನಿ, ಹಣ ಎಂಬ ಅರ್ಥವಿತ್ತು; 1890ರ ಹೊತ್ತಿಗೆ ಠೀವಿಯಿಂದ ಉಡುವ ಷೋಕಿಲಾಲನಿಗೂ ಅದು ಅಂಟಿಕೊಂಡಿತು. ಯುರೋಪಿನಲ್ಲಿ ಅಲೆಮಾರಿಗಳೆಂದು ಹೆಸರಾದ ರೋಮಾನಿ ಜನರ ಭಾಷೆಯಲ್ಲಿ ‘ಪಾಶ್’ ಎಂದರೆ ಅರ್ಧ; ಅರ್ಧ ಪೆನ್ನಿಗೆ ಆ ಹೆಸರು ಅಲ್ಲಿಂದ ಬಂದಿರಬಹುದು. ಹಣದಿಂದ ಹಣವಂತರ ಠೀವಿಗೆ ಅರ್ಥ ಜರುಗಿತೆಂಬ ಈ ದಾರಿಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ರೋಮಾನಿ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಅವರ ಭಾಷೆಯಲ್ಲಿ ನೀರಿಗೆ ಇಂದಿಗೂ ‘ಪಾನಿ’ ಎನ್ನುತ್ತಾರೆ. ಗೆಳೆಯನೆಂಬ ಅರ್ಥದ ಇಂಗ್ಲಿಷಿನ ‘ಪ್ಯಾಲ್’ ಕೂಡ ಅವರ ‘ಫ್ರಾಲ್’ನಿಂದಲೇ 17ನೇ ಶತಮಾನದಲ್ಲಿ ಬಂದದ್ದು, ಮತ್ತು ಆ ‘ಫ್ರಾಲ್’ ನಮ್ಮ ಸಂಸ್ಕೃತದ ‘ಭ್ರಾತೃ’ವೇ.