ನಿಷೇಧ ಮುಗಿಯಿತು, ಕರೆ ಬರಲಿಲ್ಲ: ಜೆಫ್ ಲೂನೊ ಪ್ರಕರಣದ ಹಿನ್ನೆಲೆ

ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಜೆಫ್ ಲೂನೊ ಅವರ ಅಮಾನತು 2020ರ ಅಕ್ಟೋಬರ್‌ನಲ್ಲಿ, ವರ್ಷದ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್ ಮುಗಿಯುತ್ತಿದ್ದಂತೆ ಕೊನೆಗೊಂಡಿತು. ಅಂದಿನಿಂದ ಅವರನ್ನು ಕೆಲಸಕ್ಕೆ ಕರೆದುಕೊಳ್ಳಲು ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳಲ್ಲಿ ಯಾವುದಕ್ಕೂ ನಿಯಮದ ಅಡ್ಡಿಯಿಲ್ಲ. ಆದರೂ ಯಾರೂ ಕರೆದಿಲ್ಲ. ಅವರ ಜೊತೆಯಲ್ಲೇ, ಅಷ್ಟೇ ಅವಧಿಗೆ ಅಮಾನತಾಗಿದ್ದ ತಂಡದ ಮ್ಯಾನೇಜರ್ ಎ.ಜೆ. ಹಿಂಚ್ ಅವರಿಗಾದರೋ ಸೀರೀಸ್ ಮುಗಿದ ಮೂರೇ ದಿನಕ್ಕೆ ಡೆಟ್ರಾಯ್ಟ್ ಟೈಗರ್ಸ್ ಕೆಲಸ ಕೊಟ್ಟಿತು. ಮೋಸವನ್ನು ಕಣ್ಣಾರೆ ಕಂಡವರು ಒಳಗೆ, ನನಗೇನೂ ಗೊತ್ತಿರಲಿಲ್ಲ ಎಂದವರು ಹೊರಗೆ. ಇದು ಹೇಗಾಯಿತು, ಲೂನೊ ಇನ್ನೊಂದು ಅವಕಾಶಕ್ಕೆ ಅರ್ಹರೇ ಎಂದು ತಿಳಿಯಲು ಮೊದಲು ಎದುರಾಳಿಯ ಸನ್ನೆ ಕದ್ದ ಆ ಮೋಸದ ಒಳಗುಟ್ಟನ್ನೇ ನೋಡಬೇಕು.

ಕ್ರಿಕೆಟ್ ಓದುಗರಿಗೆ ಒಂದು ಮಾತು: ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಡಗೌಟ್‌ನಲ್ಲಿ ಕೂತು ಪಂದ್ಯ ನಡೆಸುವವರು, ನಮ್ಮ ಲೆಕ್ಕದಲ್ಲಿ ಕೋಚ್. ಜನರಲ್ ಮ್ಯಾನೇಜರ್ ಮೇಲಿನ ಕಚೇರಿಯವರು. ಆಟಗಾರರ ಖರೀದಿ, ಡ್ರಾಫ್ಟ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವುದು), ಸಂಬಳ, ಅಂಕಿಅಂಶದ ವಿಭಾಗ ಎಲ್ಲವೂ ಅವರ ಕೈಯಲ್ಲಿ.

ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟರ್ ಬಳಿಯ ಹೋಮ್ ಪ್ಲೇಟ್‌ಗೂ 18.44 ಮೀಟರ್. ಗಂಟೆಗೆ 153 ಕಿ.ಮೀ. ವೇಗದ ಚೆಂಡು ಬ್ಯಾಟರ್ ಬಳಿ ಬರಲು ಸುಮಾರು 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಇದು ಫಾಸ್ಟ್‌ಬಾಲೋ, ಕೊನೆಯಲ್ಲಿ ತಿರುಗುವ ನಿಧಾನದ ಚೆಂಡೋ ಎಂದು ಬ್ಯಾಟರ್ ಊಹಿಸಬೇಕು. ಯಾವ ಚೆಂಡು ಎಸೆಯಬೇಕೆಂದು, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಹೇಳುತ್ತಿದ್ದ. ಸಾಮಾನ್ಯವಾಗಿ ಒಂದು ಬೆರಳು ಎಂದರೆ ಫಾಸ್ಟ್‌ಬಾಲ್. ಎದುರಾಳಿಯ ಓಟಗಾರ ಪಿಚರ್ ಬೆನ್ನಹಿಂದಿನ ಎರಡನೇ ಬೇಸ್‌ನಲ್ಲಿದ್ದರೆ ಅವನಿಗೂ ಬೆರಳು ಕಾಣುತ್ತದೆ. ಹಾಗಾಗಿ ಆಗ 2-1-3-1 ಎಂಬಂತೆ ಸರಣಿ ತೋರಿಸಿ, ಅದರಲ್ಲಿ ಎರಡನೆಯದೇ ನಿಜ ಎಂದು ತಮ್ಮೊಳಗೆ ಗೊತ್ತುಮಾಡಿಕೊಂಡಿರುತ್ತಾರೆ. ಆ ಓಟಗಾರ ಬರಿಗಣ್ಣಿನಿಂದ ನೋಡಿ ಗುಟ್ಟು ಬಿಡಿಸಿದರೆ ತಪ್ಪಿಲ್ಲ, ಅದು ಆಟದ ಜಾಣತನ. ಪಂದ್ಯ ನಡೆಯುತ್ತಿರುವಾಗ ಯಂತ್ರ ಬಳಸಿದರೆ ಮಾತ್ರ ಅಪರಾಧ.

ಆಸ್ಟ್ರೋಸ್ ಕಚೇರಿಯಲ್ಲಿ 'ಕೋಡ್‌ಬ್ರೇಕರ್' ಎಂಬ ಎಕ್ಸೆಲ್ ಕಾರ್ಯಕ್ರಮವಿತ್ತು. ವಿಡಿಯೊ ನೋಡಿ ಕ್ಯಾಚರ್ ತೋರಿಸಿದ ಸರಣಿಯನ್ನೂ ನಿಜವಾಗಿ ಬಂದ ಚೆಂಡನ್ನೂ ಅದರಲ್ಲಿ ತುಂಬಬೇಕು. ಕೆಲವು ಚೆಂಡುಗಳ ನಂತರ ಸರಣಿಯಲ್ಲಿ ಎಷ್ಟನೆಯ ಬೆರಳು ನಿಜವೆಂದು ಅದು ಹೇಳುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಒಬ್ಬ ಇಂಟರ್ನ್ ಇದನ್ನು ಲೂನೊ ಅವರಿಗೇ ತೋರಿಸಿದ್ದ. ಪಂದ್ಯ ಮುಗಿದ ಮೇಲಿನ ಅಧ್ಯಯನಕ್ಕೆಂದು ಭಾವಿಸಿದೆ, ಅದು ಕಾನೂನುಬದ್ಧ ತಾನೇ ಎಂಬುದು ಅವರ ಸಮಜಾಯಿಷಿ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಳೆಯ ವಿಡಿಯೊ ಅಗೆಯುವುದು ತಪ್ಪಲ್ಲ.

2017ರಲ್ಲಿ ಈ ಆಟ ಕಚೇರಿಯಿಂದ ಡಗೌಟ್‌ಗೆ ಇಳಿಯಿತು. ಸೀಸನ್ ಶುರುವಾಗಿ ಸುಮಾರು ಎರಡು ತಿಂಗಳಿಗೆ ಕ್ಯಾಚರ್‌ಗೆ ಎದುರಾಗಿರುವ ಸೆಂಟರ್ ಫೀಲ್ಡ್ ಕ್ಯಾಮೆರಾದ ನೇರ ಚಿತ್ರ ಬರುವ ಮಾನಿಟರ್ ಒಂದನ್ನು ಡಗೌಟ್ ಹಿಂದಿನ ಸುರಂಗದ ಗೋಡೆಗೆ ಹಾಕಿಸಲಾಯಿತು. ಹಾಕಿಸಿದ್ದು ಅಂದಿನ ಬೆಂಚ್ ಕೋಚ್, ಅಂದರೆ ಮ್ಯಾನೇಜರ್‌ನ ಸಹಾಯಕ, ಅಲೆಕ್ಸ್ ಕೋರಾ. ಪಕ್ಕದಲ್ಲೇ ಪ್ಲಾಸ್ಟಿಕ್ ಕಸದ ಡ್ರಮ್. ನಿಧಾನದ ಚೆಂಡು ಬರುವುದಿದ್ದರೆ ಬ್ಯಾಟಿನಿಂದ ಒಂದೋ ಎರಡೋ ಏಟು. ಸದ್ದಿಲ್ಲ ಎಂದರೆ ಫಾಸ್ಟ್‌ಬಾಲ್. ಕೋಟಿಗಟ್ಟಲೆ ಡಾಲರ್ ಆಟಗಾರರ ತಂಡ ಕಂಡುಕೊಂಡ ಸಂಪರ್ಕ ಸಾಧನ ಇದು! ಅದು ತವರಿನ ಅಂಗಳದಲ್ಲಷ್ಟೇ ನಡೆಯುತ್ತಿತ್ತು. ಮುಂದೆ ಆಸ್ಟ್ರೋಸ್ ಅಭಿಮಾನಿಯೊಬ್ಬರೇ ಕೂತು 58 ತವರು ಪಂದ್ಯಗಳ 8,200ಕ್ಕೂ ಹೆಚ್ಚು ಚೆಂಡುಗಳ ಧ್ವನಿಯನ್ನು ಪರೀಕ್ಷಿಸಿ 1,143 ಕಡೆ ಏಟಿನ ಸದ್ದು ಗುರುತಿಸಿದರು. ಟಿ.ವಿ. ಮೈಕಿಗೆ ಕೇಳುವ ಸಂಕೇತ ಗುಟ್ಟಾಗಿ ಉಳಿಯುವುದಾದರೂ ಹೇಗೆ?

ಲೂನೊ ವಿಷಯದಲ್ಲಿ ಮುಖ್ಯವಾದದ್ದು ಆರು ದಿನಗಳ ಒಂದು ಅವಧಿ. ಬಾಸ್ಟನ್ ರೆಡ್ ಸಾಕ್ಸ್ ತಂಡ ಸ್ಮಾರ್ಟ್‌ವಾಚ್ ಬಳಸಿ ಸನ್ನೆ ಕದ್ದು ಸಿಕ್ಕಿಬಿದ್ದಿತ್ತು. 2017ರ ಸೆಪ್ಟೆಂಬರ್ 15ರಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಎಲ್ಲ ತಂಡಗಳಿಗೂ ಸುತ್ತೋಲೆ ಕಳಿಸಿದರು: ಇನ್ನು ಮುಂದೆ ಇಂಥದ್ದು ನಡೆದರೆ ಹೊಣೆ ಜನರಲ್ ಮ್ಯಾನೇಜರ್ ಮತ್ತು ಮ್ಯಾನೇಜರ್‌ ಅವರದು. ಲೂನೊ ಅದನ್ನು ಆಟಗಾರರಿಗಾಗಲೀ ಕೋಚ್‌ಗಳಿಗಾಗಲೀ ರವಾನಿಸಲಿಲ್ಲ, ಪಾಲನೆಯಾಗುತ್ತಿದೆಯೇ ಎಂದು ಕೇಳಲೂ ಇಲ್ಲ. ಸೆಪ್ಟೆಂಬರ್ 21ರಂದು ಹ್ಯೂಸ್ಟನ್‌ನಲ್ಲಿ ಎದುರಾಳಿ ಚಿಕಾಗೊ ವೈಟ್ ಸಾಕ್ಸ್‌ನ ಪಿಚರ್ ಡ್ಯಾನಿ ಫಾರ್ಕರ್, ಪ್ರತಿ ನಿಧಾನದ ಚೆಂಡಿಗೂ ಮುನ್ನ ಡ್ರಮ್ ಬಡಿಯುತ್ತಿರುವುದನ್ನು ಗಮನಿಸಿ ನಿಂತುಬಿಟ್ಟರು. ಕ್ಯಾಚರ್‌ನನ್ನು ಕರೆದು ಸನ್ನೆ ಬದಲಿಸಿದರು. ಸದ್ದು ನಿಂತಿತು. ಗಾಬರಿಬಿದ್ದ ಆಸ್ಟ್ರೋಸ್ ಆಟಗಾರರು ಪಂದ್ಯ ಮುಗಿಯುವ ಮುನ್ನವೇ ಮಾನಿಟರ್ ಕಿತ್ತು ಒಂದು ಕೋಣೆಯಲ್ಲಿ ಅಡಗಿಸಿದರು. ಪೋಸ್ಟ್‌ಸೀಸನ್ (ನಾಕೌಟ್ ಹಂತ) ಹೊತ್ತಿಗೆ ಮೇಜಿನ ಮೇಲೆ ಇನ್ನೊಂದು ಬಂತು. ಆ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು 4-3ರಿಂದ ಸೋಲಿಸಿ ಆಸ್ಟ್ರೋಸ್ ಚಾಂಪಿಯನ್ ಆಯಿತು.

2019ರ ನವೆಂಬರ್‌ನಲ್ಲಿ ತಂಡದ ಹಳೆಯ ಪಿಚರ್ ಮೈಕ್ ಫಿಯರ್ಸ್ ಹೆಸರು ಹಾಕಿ ಬಾಯಿಬಿಟ್ಟರು. ಲೀಗ್ 68 ಸಾಕ್ಷಿಗಳನ್ನು ವಿಚಾರಿಸಿತು. 2020ರ ಜನವರಿ 13ರಂದು ಶಿಕ್ಷೆ: ತಂಡಕ್ಕೆ 50 ಲಕ್ಷ ಡಾಲರ್ ದಂಡ (ನಿಯಮದಲ್ಲಿ ಅದಕ್ಕಿಂತ ಹೆಚ್ಚು ಹಾಕಲು ಅವಕಾಶವಿರಲಿಲ್ಲ), ಎರಡು ವರ್ಷ ಡ್ರಾಫ್ಟ್‌ನ ಮೊದಲ ಎರಡು ಸುತ್ತಿನ ಆಯ್ಕೆಗಳಿಗೆ ಕತ್ತರಿ, ಲೂನೊ ಮತ್ತು ಹಿಂಚ್‌ಗೆ 2020ರ ವರ್ಲ್ಡ್ ಸೀರೀಸ್ ಮುಗಿಯುವವರೆಗೆ ಅಮಾನತು. ಮಾಲೀಕ ಜಿಮ್ ಕ್ರೇನ್ ಅಂದೇ ಇಬ್ಬರನ್ನೂ ವಜಾ ಮಾಡಿದರು. ನಿಜ ಹೇಳಿದರೆ ಶಿಕ್ಷೆಯಿಲ್ಲ ಎಂಬ ಭರವಸೆ ಪಡೆದಿದ್ದ ಆಟಗಾರರ ಕೂದಲೂ ಕೊಂಕಲಿಲ್ಲ.

ವರದಿಯನ್ನು ನಿಧಾನವಾಗಿ ಓದಬೇಕು. ಡ್ರಮ್ ಯೋಜನೆ ಹೂಡಿದ್ದು, ನಡೆಸಿದ್ದು ಲೂನೊ ಎಂದು ಅದು ಹೇಳುವುದಿಲ್ಲ. ಪಂದ್ಯದ ವಿಡಿಯೊ ನೋಡುವ ರೀಪ್ಲೇ ಕೋಣೆಯಲ್ಲಿ ಸನ್ನೆ ಬಿಡಿಸುತ್ತಿದ್ದುದರ ಸುಳಿವು ಅವರಿಗೆ ಸ್ವಲ್ಪಮಟ್ಟಿಗೆ ಇತ್ತು, ಅವರು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ ಎನ್ನುತ್ತದೆ. ಜೊತೆಗೆ, ಫಲಿತಾಂಶವೊಂದನ್ನೇ ಪೂಜಿಸುವ ಕಚೇರಿಯನ್ನು ಅವರು ಬೆಳೆಸಿದ್ದರು ಎಂಬ ಖಾರದ ಟೀಕೆಯೂ ಇದೆ. ಅಂದರೆ ಅವರಿಗೆ ಶಿಕ್ಷೆಯಾದದ್ದು ಮಾಡಿದ್ದಕ್ಕಲ್ಲ, ನೋಡದೆ ಬಿಟ್ಟದ್ದಕ್ಕೆ. ಹಿಂಚ್‌ಗೆ ಎಲ್ಲವೂ ಗೊತ್ತಿತ್ತು. ಇಷ್ಟವಿಲ್ಲದೆ ಎರಡು ಸಲ ಮಾನಿಟರ್ ಒಡೆದರು, ಆದರೆ 'ನಿಲ್ಲಿಸಿ' ಎಂದು ಒಂದು ಮಾತು ಹೇಳಲಿಲ್ಲ. ನಮ್ಮ ಲೆಕ್ಕದಲ್ಲಿ ಇದೇ ದೊಡ್ಡ ತಪ್ಪು.

ಬೇಸ್‌ಬಾಲ್‌ ಇತಿಹಾಸ ನೋಡಿದರೆ ಎರಡನೇ ಅವಕಾಶ ಸಿಕ್ಕಿದ್ದು ತಪ್ಪಿನ ತೂಕ ನೋಡಿಯಲ್ಲ. ಮ್ಯಾನೇಜರ್ ಲಿಯೋ ಡ್ಯುರೋಶರ್ 1947ರಲ್ಲಿ ಒಂದು ವರ್ಷ ಅಮಾನತಾಗಿ ಮರಳಿದರು. 1951ರಲ್ಲಿ ಅವರ ನ್ಯೂಯಾರ್ಕ್ ಜೈಂಟ್ಸ್ ತಂಡ ಸೆಂಟರ್ ಫೀಲ್ಡ್‌ನ ಕೋಣೆಯಿಂದ ದೂರದರ್ಶಕದಲ್ಲಿ ಸನ್ನೆ ನೋಡಿ, ತಂತಿ ಎಳೆದು ಬಜರ್ ಒತ್ತಿ ಬ್ಯಾಟರ್‌ಗೆ ತಿಳಿಸುತ್ತಿತ್ತು. ಅದು ಪೂರ್ತಿ ಬಯಲಾದದ್ದು 2001ರಲ್ಲಿ. ಅಷ್ಟರಲ್ಲಿ ಡ್ಯುರೋಶರ್ ಹಾಲ್ ಆಫ್ ಫೇಮ್ ಸೇರಿ ಏಳು ವರ್ಷವಾಗಿತ್ತು. ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ತನ್ನದೇ ಆಟಗಾರನ ವಿರುದ್ಧ ಮಾಹಿತಿ ಕೆದಕಲು ಜೂಜುಕೋರನಿಗೆ 40,000 ಡಾಲರ್ ಕೊಟ್ಟು 1990ರಲ್ಲಿ ಹೊರಬಿದ್ದರು, 1993ರಲ್ಲಿ ಮರಳಿದರು. ತಂಡ ಅವರದೇ, ನೇಮಿಸಲು ಇನ್ನೊಬ್ಬರು ಬೇಕಿರಲಿಲ್ಲ.

ಕಚೇರಿಯವರ ಕಥೆ ಬೇರೆ. ಅಟ್ಲಾಂಟಾ ಬ್ರೇವ್ಸ್‌ನ ಜಾನ್ ಕೊಪೊಲೆಲ್ಲಾ ವಿದೇಶಿ ಹುಡುಗರಿಗೆ ಕೊಡುವ ಬೋನಸ್ಸಿನ ಮಿತಿ ತಪ್ಪಿಸಲು ಒಬ್ಬನ ದುಡ್ಡನ್ನು ಇನ್ನೊಬ್ಬನ ಒಪ್ಪಂದದಲ್ಲಿ ಅಡಗಿಸಿದರು. 2017ರಲ್ಲಿ ಶಾಶ್ವತ ನಿಷೇಧ, 2023ರ ಜನವರಿಯಲ್ಲಿ ತೆರವು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಕ್ರಿಸ್ ಕೊರಿಯಾ ಇನ್ನೊಂದು ತಂಡದ ಡೇಟಾಬೇಸ್‌ಗೆ ನುಗ್ಗಿ 46 ತಿಂಗಳ ಜೈಲು ಶಿಕ್ಷೆ ಪಡೆದರು, ಶಾಶ್ವತ ನಿಷೇಧವೂ ಬಿತ್ತು. ಕಾರ್ಡಿನಲ್ಸ್ ಬಿಟ್ಟು ಹೋದವರೊಬ್ಬರ ಹಳೆಯ ಪಾಸ್‌ವರ್ಡ್ ಹಿಡಿದು ಹೊಸದನ್ನು ಊಹಿಸಿದ್ದೇ ಅವರ ವಿದ್ಯೆ. ನುಗ್ಗಿದ್ದು ಯಾವ ತಂಡದ ಡೇಟಾಬೇಸ್‌ಗೆ? ಲೂನೊ ಅವರ ಆಸ್ಟ್ರೋಸ್‌ಗೇ.

ಹಾಗಾದರೆ ಲೂನೊ ಏಕೆ ಹೊರಗುಳಿದರು? ಹಿಂಚ್ ತಪ್ಪಾಯಿತು ಎಂದರು. ಲೂನೊ ನಾನು ಮೋಸಗಾರನಲ್ಲ ಎಂದು ಹೇಳಿಕೆ ಕೊಟ್ಟು, ಆಟಗಾರರು ಮತ್ತು ಕೆಳಗಿನ ಸಿಬ್ಬಂದಿಯತ್ತ ಬೊಟ್ಟು ಮಾಡಿದರು. 2020ರ ನವೆಂಬರ್‌ನಲ್ಲಿ 2.2 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತಕ್ಕೆ ಕ್ರೇನ್ ಅವರ ತಂಡದ ಮೇಲೆ ದಾವೆ ಹೂಡಿ, ಮುಂದಿನ ಫೆಬ್ರುವರಿಯಲ್ಲಿ ರಾಜಿಯಾದರು. ತನ್ನ ಮೇಲೆ ಕೇಸು ಹಾಕಬಲ್ಲ ಅಧಿಕಾರಿಯನ್ನು ಯಾವ ಮಾಲೀಕ ತಾನಾಗಿ ಮನೆಗೆ ಕರೆದಾನು? ಇನ್ನೊಂದು ಕಾರಣ ಬರೀ ವ್ಯಾಪಾರದ್ದು. 2013ರಲ್ಲಿ 111 ಪಂದ್ಯ ಸೋತ ತಂಡವನ್ನು ನಾಲ್ಕೇ ವರ್ಷಕ್ಕೆ ಚಾಂಪಿಯನ್ ಮಾಡಿದ ವಿದ್ಯೆ ಆಗ ಅಪರೂಪ. ಈಗ ಅವರ ಕೈಕೆಳಗೆ ಪಳಗಿದ ಮೈಕ್ ಎಲಿಯಾಸ್ ಬಾಲ್ಟಿಮೋರ್‌ನಲ್ಲೂ ಡೇವಿಡ್ ಸ್ಟರ್ನ್ಸ್ ಮೊದಲು ಮಿಲ್ವಾಕಿಯಲ್ಲಿ, ನಂತರ ನ್ಯೂಯಾರ್ಕ್ ಮೆಟ್ಸ್‌ನಲ್ಲೂ ಅದೇ ವಿದ್ಯೆಯ ಚುಕ್ಕಾಣಿ ಹಿಡಿದವರು. ಕಳಂಕವಿಲ್ಲದೆ ಸಿಗುವ ಸರಕಿಗೆ ಕಳಂಕದ ಬೆಲೆ ಯಾರು ಕೊಡುತ್ತಾರೆ?

ಅರ್ಹತೆಯ ಪ್ರಶ್ನೆಗೆ ನಮ್ಮ ಉತ್ತರ: ಹೌದು, ಅರ್ಹರು. ಹಿಂಚ್‌ಗೆ, ಮೊದಲಿದ್ದ ಬಾಸ್ಟನ್ ಮ್ಯಾನೇಜರ್ ಕೆಲಸವೇ ಮರಳಿ ಸಿಕ್ಕ ಕೋರಾಗೆ ಒಂದು ಅಳತೆ, ಇವರಿಗೆ ಇನ್ನೊಂದು ಅಳತೆ ಸರಿಯಲ್ಲ. ಸನ್ನೆ ಕದಿಯುವ ಆಸೆಯಂತೂ 2022ರಿಂದೀಚೆಗೆ ಬಹುಪಾಲು ಇಲ್ಲವಾಗಿದೆ. ಕ್ಯಾಚರ್ ಪಿಚ್‌ಕಾಮ್ ಎಂಬ ಸಾಧನದ ಗುಂಡಿ ಒತ್ತುತ್ತಾನೆ, ಪಿಚರ್‌ನ ಟೋಪಿಯೊಳಗಿನ ಸ್ಪೀಕರ್ ಕಿವಿಯಲ್ಲಿ ಹೇಳುತ್ತದೆ. ಬೆರಳೇ ಕಾಣದಿದ್ದರೆ ಕ್ಯಾಮೆರಾ ಕದಿಯುವುದೇನನ್ನು? ಆದರೆ ಇನ್ನೊಂದು ಸುತ್ತೋಲೆ ಬಂದಾಗ ಅದನ್ನು ಯಾರಿಗೆ ಕೊಡುತ್ತೀರಿ, ಯಾರಿಂದ ಸಹಿ ಪಡೆಯುತ್ತೀರಿ, ಸುರಂಗಕ್ಕೆ ಹೋಗಿ ನೋಡುವವರು ಯಾರು ಎಂದು ಸಂದರ್ಶನದಲ್ಲಿ ಕೇಳಲೇಬೇಕು. ನನಗೆ ಗೊತ್ತಿರಲಿಲ್ಲ ಎಂಬುದು ಅದಕ್ಕೆ ಉತ್ತರವಲ್ಲ.

ಸದ್ಯಕ್ಕೆ ಆ ಸಂದರ್ಶನ ಅವರಿಗೆ ಬೇಕಾಗಿಯೂ ಇಲ್ಲ. 2022ರಲ್ಲಿ ಅವರ ಬ್ಲೂ ಕ್ರೋ ಸಂಸ್ಥೆ ಸ್ಪೇನ್‌ನ ಲೆಗನೆಸ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡಿತು. ಎರಡು ವರ್ಷಕ್ಕೆ ಅದು ಎರಡನೇ ದರ್ಜೆಯಲ್ಲಿ ಮೊದಲಿಗನಾಗಿ ಲಾ ಲಿಗಾಗೆ ಏರಿತು, 2025ರಲ್ಲಿ ಮತ್ತೆ ಕೆಳಗಿಳಿಯಿತು. ಸ್ಟೈನ್‌ಬ್ರೆನರ್ ಹಾಗೆ ಈಗ ಅವರೂ ಮಾಲೀಕರ ಕುರ್ಚಿಯಲ್ಲಿದ್ದಾರೆ.