ದೀನತೆ: ಬಗ್ಗುವುದೇ, ಬಗ್ಗಿಸುವುದೇ?

'ದೀನ' ಅಂದ ತಕ್ಷಣ ನಮ್ಮ ಕಣ್ಮುಂದೆ ಬರುವುದು ಗತಿಯಿಲ್ಲದ ಮನುಷ್ಯ. 'ದೀನನಾಗಿ ಬೇಡಿಕೊಂಡ' ಅಂದರೆ ಅಯ್ಯೋ ಅನಿಸುತ್ತದೆ, ಗೌರವವೇನೂ ಹುಟ್ಟುವುದಿಲ್ಲ. ಆದರೆ ಕನ್ನಡ ಬೈಬಲ್‌ನಲ್ಲಿ ಯೇಸು ತಾನು ದೀನ ಮನಸ್ಸಿನವನು ಎಂದೇ ಹೇಳಿಕೊಳ್ಳುತ್ತಾನೆ. ಇದು ಅನುವಾದದ ಎಡವಟ್ಟಲ್ಲ. ಮೂಲ ಗ್ರೀಕಿನ 'ತಪೈನೋಸ್' ಪದಕ್ಕೂ ತಗ್ಗಿನಲ್ಲಿರುವವನು, ಕೀಳು ಸ್ಥಿತಿಯವನು ಅನ್ನುವ ಅರ್ಥವೇ ಇತ್ತು. ತನ್ನ ಹಿರಿಮೆ ತನಗೆ ಗೊತ್ತಿರುವ ಮನುಷ್ಯನನ್ನು ಅರಿಸ್ಟಾಟಲ್ ಮೆಚ್ಚಿದ. ತಗ್ಗಿದವನನ್ನು ಮೆಚ್ಚುವುದು ಆ ಲೋಕಕ್ಕೆ ಒಗ್ಗುವ ಮಾತಾಗಿರಲಿಲ್ಲ.

ಯೆಹೂದ್ಯರ ದಾರಿ ಬೇರೆ. ದೇವರು ತಗ್ಗಿದವರ ಕಡೆಗಿದ್ದಾನೆ ಎಂದು ಅವರ ಕೀರ್ತನೆಗಳು ಹಾಡಿದ್ದವು. ಆ ಬೇರಿನಿಂದ ಬಂದ, ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಪತ್ರ ಬರೆದ. ಫಿಲಿಪ್ಪಿ ರೋಮನ್ನರ ವಸಾಹತು, ಅಂತಸ್ತಿಗೆ ಬೆಲೆ ಇದ್ದ ಊರು. ಅಂಥವರಿಗೆ ಪೌಲ ಹೇಳಿದ್ದು, ದೇವರ ಸ್ವರೂಪದಲ್ಲಿದ್ದ ಯೇಸು ದಾಸನ ರೂಪ ತಾಳಿ ಶಿಲುಬೆಯವರೆಗೂ ಇಳಿದ ಅಂತ.

ಈ ಇಳಿಯುವಿಕೆ ಎಂಥದ್ದು ಅನ್ನುವುದಕ್ಕೆ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನೋಡಬೇಕು. ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಅದಕ್ಕೆ ಮೊದಲಿನ ಸಾಲನ್ನು ನಾವು ಸುಮ್ನೆ ದಾಟಿಬಿಡುತ್ತೇವೆ: ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು ಎಂದು ತಿಳಿದೇ ಅವನು ಊಟದಿಂದ ಎದ್ದ. ಕಾಲು ತೊಳೆದ ಮೇಲೂ 'ನಾನೇನೂ ಅಲ್ಲ' ಎನ್ನಲಿಲ್ಲ. ನನ್ನನ್ನು ಗುರು, ಕರ್ತ ಎನ್ನುತ್ತೀರಿ, ಅದು ಸರಿಯೇ ಅಂದ. ಇಲ್ಲಿ ತನ್ನನ್ನು ತಾನು ಹೀಯಾಳಿಸಿಕೊಳ್ಳುವುದು ಎಲ್ಲಿದೆ? ತಾನು ಯಾರೆಂದು ಗೊತ್ತಿದ್ದವನು ತಾನಾಗಿಯೇ ಬಗ್ಗಿದ, ಅಷ್ಟೇ.

ನಕಲಿ ದೀನತೆಯೂ ಅಷ್ಟೇ ಹಳೆಯದು. ತೋರಿಕೆಗೆ ತಗ್ಗಿ, ದೇಹ ದಂಡಿಸುವವರ ಬಗ್ಗೆ ಬೈಬಲ್‌ನಲ್ಲಿರುವ, ಕೊಲೊಸ್ಸೆ ಊರಿನವರಿಗೆ ಬರೆದ ಪತ್ರವೇ ಎಚ್ಚರಿಸುತ್ತದೆ. ಆದರೂ ತನ್ನನ್ನು ತಾನು ಕೀಳಾಗಿಸಿಕೊಳ್ಳುವ ಆ ಎಳೆ ಹೋಗಲಿಲ್ಲ. 6ನೇ ಶತಮಾನದಲ್ಲಿ ಇಟಲಿಯ ಮಠಾಧಿಪತಿ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ದೀನತೆಯ 12 ಮೆಟ್ಟಿಲು ಹಾಕಿಕೊಟ್ಟ. ಏಳನೆಯದು, ಎಲ್ಲರಿಗಿಂತ ತಾನೇ ಕೀಳೆಂದು ಮನಸಾರೆ ನಂಬುವುದು. ನನಗಂತೂ ಆ ಮೆಟ್ಟಿಲ ಮೇಲೆ ಕಾಲಿಡಲು ಅಂಜಿಕೆ. ಸ್ಪೇನಿನ ಸನ್ಯಾಸಿನಿ ಅವಿಲಾದ ತೆರೇಸಾ 1577ರಲ್ಲಿ ಬರೆದ ಮಾತು ಹೆಚ್ಚು ಹಿಡಿಸುತ್ತದೆ: ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು. ಇದ್ದದ್ದನ್ನು ಇಲ್ಲ ಅನ್ನುವುದೂ ಸುಳ್ಳೇ ಅಲ್ವಾ?

1751ರಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ದೀನತೆಯನ್ನು ಉಪವಾಸ, ಬ್ರಹ್ಮಚರ್ಯಗಳ ಜೊತೆ ಸೇರಿಸಿ, ಯಾರಿಗೂ ಬೇಡದ ಸನ್ಯಾಸಿಗಳ ಗುಣ ಎಂದು ತಳ್ಳಿಹಾಕಿದ. ಅವನದು ಬರೀ ಟೀಕೆ. ಅದಕ್ಕಿಂತ ಜಾಸ್ತಿ ಹಾನಿ ಮಾಡಿದ್ದು ಕ್ರೈಸ್ತರ ಒಳಗಿನವರೇ. ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕಥೆಯನ್ನು ಅದರಿಂದ ತೆಗೆದುಹಾಕಿದ್ದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಮಾತನ್ನು ಹಾಗೇ ಉಳಿಸಿಕೊಂಡಿದ್ದರು. ತಾನಾಗಿ ಬಗ್ಗುವ ಗುಣ, ಇನ್ನೊಬ್ಬರನ್ನು ಬಗ್ಗಿಸುವ ಕೋಲಾಗಿತ್ತು.

1960ರಲ್ಲಿ ದೇವತಾಶಾಸ್ತ್ರಜ್ಞೆ ವ್ಯಾಲೆರಿ ಸೇವಿಂಗ್ ಇದೇ ಪ್ರಶ್ನೆಯನ್ನು ಹೆಂಗಸರ ಕಡೆಯಿಂದ ಎತ್ತಿದರು. ಅಹಂಕಾರವೇ ದೊಡ್ಡ ಪಾಪ ಅನ್ನುವುದು ಗಂಡಸರ ಅನುಭವದ ಮಾತು. ಹೆಂಗಸರಿಗೆ ತಮ್ಮತನವನ್ನೇ ಕಳೆದುಕೊಳ್ಳುವುದು ಹೆಚ್ಚಿನ ಅಪಾಯ ಎಂಬುದು ಅವರ ವಾದ.

ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ದಿನ ಪವಿತ್ರ ಗುರುವಾರ. 2013ರಲ್ಲಿ ಆ ದಿನ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಜನರ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಆ ವಿಧಿಗೆ ಚರ್ಚಿನ ಆಗಿನ ನಿಯಮದಲ್ಲಿ ಗಂಡಸರ ಕಾಲು ಎಂದೇ ಇತ್ತು. ಅದನ್ನು ಬದಲಿಸಿದ್ದು 2016ರ ಜನವರಿಯಲ್ಲಿ.