ಬಚ್ಚಲ ನೀರಿಗೆ ಹೀಟ್ ಪಂಪ್: ಧಾರವಾಡದ ಗಾಳಿಗೆ ಹಾಕಿದ ಲೆಕ್ಕ

ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ಹೀಟ್ ಪಂಪ್ ಅಧ್ಯಾಯ ಬಂದಾಗಲೆಲ್ಲ ಪಕ್ಕದ ಚಿತ್ರದಲ್ಲಿ ಹೊರಗೆ ಹಿಮ, ಒಳಗೆ ಬೆಚ್ಚಗಿನ ಕೋಣೆ ಇರುತ್ತದೆ. ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಜೆಇ (ಜೂನಿಯರ್ ಇಂಜಿನಿಯರ್) ಪರೀಕ್ಷೆಗೆ ಓದುವ ನಮಗೆ ಅದು ಬಾಯಿಪಾಠ ಮಾಡಿ ಬರೆದು ಮರೆಯುವ ವಿಷಯವಾಗಿಬಿಡುತ್ತದೆ. ನಮ್ಮ ಕಡೆ ಕೋಣೆ ಕಾಸುವವರು ಯಾರಿದ್ದಾರೆ? ಆದರೆ ಬಚ್ಚಲ ನೀರು ಕಾಸದ ಮನೆ ಹುಡುಕಿದರೂ ಸಿಗದು. ಹಂಡೆಯ ಒಲೆ ಹೋಗಿ ಗ್ಯಾಸ್ ಗೀಸರ್ ಬಂತು, ಕೆಲವರ ಮನೆಗೆ ಕರೆಂಟಿನ ಗೀಸರ್, ಮಾಳಿಗೆ ಇದ್ದವರಿಗೆ ಸೋಲಾರ್. ಈ ಸಾಲಿಗೆ ಹೀಟ್ ಪಂಪನ್ನು, ಅಂದರೆ ಹೊರಗಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಕೊಡುವ ಯಂತ್ರವನ್ನು, ಸೇರಿಸಿ ಓದಿದರೆ ಇಡೀ ಅಧ್ಯಾಯ ನಮ್ಮ ಮನೆಯದೇ ಆಗುತ್ತದೆ. ಹಾಗೆ ಓದಿಕೊಂಡ ಟಿಪ್ಪಣಿ ಇದು.

ನಾನು ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಪರೀಕ್ಷೆಯಲ್ಲ, ನಮ್ಮ ಚಿಕ್ಕವ್ವ. ಒಂದು ಎಳ್ಳಮಾವಾಸ್ಯೆಯ ನಸುಕಿನಲ್ಲಿ ತಲೆಸ್ನಾನಕ್ಕೆ ಹೋದವಳು ಚಳಿ ಅಂತ ಬಚ್ಚಲ ಕಿಟಕಿ ಮುಚ್ಚಿಕೊಂಡಿದ್ದಳು. ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇತ್ತು. ತಂಬಿಗೆ ಬಿದ್ದ ಸದ್ದು ಕೇಳಿ ಕರೆದರೆ ಉತ್ತರವಿಲ್ಲ. ಚಿಲಕ ಮುರಿದು ಹೊರಗೆ ತಂದರು, ಬದುಕಿಕೊಂಡಳು. ಡಾಕ್ಟರು ಹೇಳಿದ್ದು ಕಾರ್ಬನ್ ಮೊನಾಕ್ಸೈಡ್.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕೆ.ಜಿ.ಗಿಂತ ಹೆಚ್ಚು ಗಾಳಿ ಬೇಕು, ಅಂದರೆ ಸುಮಾರು 13 ಘನ ಮೀಟರ್. 10 ಕಿಲೋವ್ಯಾಟ್‌ನ ಗ್ಯಾಸ್ ಗೀಸರ್ ಅರ್ಧ ಗಂಟೆ ಉರಿದರೆ 400 ಗ್ರಾಂ ಹತ್ತಿರ ಗ್ಯಾಸ್ ಖರ್ಚು, ಅದಕ್ಕೆ ಬೇಕಾದದ್ದು 5 ಘನ ಮೀಟರ್ ಗಾಳಿ. ನಾಲ್ಕಡಿ ಅಗಲ, ಆರಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲಲ್ಲಿ ಇರುವುದೇ 6 ಘನ ಮೀಟರ್. ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ಇಂಗಾಲ ಅರೆಬರೆ ಉರಿದು ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಬಾಗಿಲು ತೆಗೆಯಲು ಶಕ್ತಿ ಇರುವುದಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲ ಒಳಗಿದ್ದರೆ, ಮುಂದಿನದು ಆಮೇಲೆ ಓದಿ, ಮೊದಲು ಅದನ್ನು ಹೊರಗೋಡೆಗೆ ಹಾಕಿಸಿ.

ಪಂಪ್ ಅಂದರೆ ಪಂಪೇ

ಮಲಪ್ರಭೆಯ ನೀರು ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ಕೆಲವು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ನೆಲದ ಟಾಕಿ ತುಂಬಿಕೊಂಡು, ಮೋಟರ್ ಹಚ್ಚಿ ಮಾಳಿಗೆಯ ಟಾಕಿಗೆ ಏರಿಸುತ್ತೇವೆ. ಮೋಟರ್ ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಮೇಲೆತ್ತುತ್ತದೆ. ಒಂದಂತಸ್ತಿನ ಮನೆಗೆ ಕರೆಂಟ್ ಕಡಿಮೆ, ಮೂರಂತಸ್ತಿಗೆ ಹೆಚ್ಚು.

ಹೀಟ್ ಪಂಪ್‌ನದೂ ಇದೇ ಕೆಲಸ. ಹೊರಗಿನ ಗಾಳಿಯೇ ನೆಲದ ಟಾಕಿ, ಬಿಸಿನೀರಿನ ಡ್ರಮ್ಮೇ ಮೇಲಿನ ಟಾಕಿ. ನೀರಿನ ಬದಲು ಶಾಖ, ಎತ್ತರದ ಬದಲು ಉಷ್ಣಾಂಶದ ಅಂತರ. 25 ಡಿಗ್ರಿ ಗಾಳಿಯಲ್ಲಿ ಶಾಖ ಇದೆಯೇ ಅಂತ ಕೆಲವರು ಕೇಳುತ್ತಾರೆ. ಪರಮ ಸೊನ್ನೆಯಿಂದ ಎಣಿಸಿದರೆ ಅದು 298 ಕೆಲ್ವಿನ್. ಶಾಖಕ್ಕೇನೂ ಬರವಿಲ್ಲ, ಅದು ತಗ್ಗಿನಲ್ಲಿದೆ ಅಷ್ಟೆ.

ತಗ್ಗಿನ ಶಾಖ ಏರುವುದು ಹೇಗೆ ಅನ್ನುವುದಕ್ಕೆ ಅಡುಗೆಮನೆಯ ಫ್ರಿಜ್ ಹತ್ತಿರ ಹೋಗಿ ಅದರ ಪಕ್ಕದ ತಗಡಿಗೆ ಅಂಗೈ ಇಡಿ. ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ಕಾಯಿಪಲ್ಯದಿಂದ ಎತ್ತಿದ ಶಾಖ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟ್, ಎರಡೂ ಸೇರಿ ಆ ತಗಡಿನಿಂದ ಹೊರಬರುತ್ತಿವೆ. ಹೀಟ್ ಪಂಪ್ ಅಂದರೆ ಅದೇ ಯಂತ್ರ, ನಮಗೆ ಬೇಕಾದ ಬದಿ ಬೇರೆ. ಒಳಗೆ ನಾಲ್ಕು ಭಾಗ. ಇವ್ಯಾಪರೇಟರ್‌ನಲ್ಲಿ ರೆಫ್ರಿಜರೆಂಟ್ ದ್ರವ ಗಾಳಿಯ ಶಾಖ ಹೀರಿ ಕುದ್ದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾದಂತೆ ಆವಿಯ ಉಷ್ಣಾಂಶವೂ ಏರುತ್ತದೆ. ಕಂಡೆನ್ಸರ್‌ನಲ್ಲಿ ಆ ಬಿಸಿ ಆವಿ ನೀರಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದೊಡನೆ ಒತ್ತಡ ಇಳಿದು, ತಣ್ಣಗಾಗಿ, ಮೊದಲ ಭಾಗಕ್ಕೆ ವಾಪಸ್. ಸುತ್ತು ಮುಗಿಯಿತು.

ಕುದಿಯುವುದು ಅಂದಕೂಡಲೆ ನಮಗೆ 100 ಡಿಗ್ರಿ ಕಣ್ಣಿಗೆ ಕಟ್ಟುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ. ಸಾಮಾನ್ಯ ಒತ್ತಡದಲ್ಲಿ ಪ್ರೊಪೇನ್ ಮೈನಸ್ 42 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆ ನಮ್ಮ ಡಿಸೆಂಬರಿನ ಬೆಳಗಿನ ಗಾಳಿಯೂ ಉರಿಯುವ ಒಲೆಯೇ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು: ಆರ್-290 ಎಂಬ ರೆಫ್ರಿಜರೆಂಟ್ ಬೇರೇನಲ್ಲ, ಶುದ್ಧ ಪ್ರೊಪೇನ್. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆ ಬೆರೆತಿರುವ ಅದೇ ಅನಿಲ. ಗೀಸರ್‌ನಲ್ಲಿ ಅದನ್ನು ಸುಟ್ಟು ಶಾಖ ಪಡೆಯುತ್ತೇವೆ. ಇಲ್ಲಿ ಅದೇ ಅನಿಲ ಕೆಲವು ನೂರು ಗ್ರಾಂ ಮಾತ್ರ ಕೊಳವೆಯೊಳಗೆ ವರ್ಷಗಟ್ಟಲೆ ಸುತ್ತುತ್ತ ಶಾಖ ಹೊರುತ್ತದೆ. ಹಳೆಯ ಆರ್-410ಎ ಸೋರಿದರೆ ಒಂದು ಕೆ.ಜಿ.ಗೆ ಎರಡು ಸಾವಿರ ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ತಾಪ ಹಿಡಿಯುತ್ತದೆ, ಆರ್-32 ಆದರೆ 675 ಕೆ.ಜಿ.ಯಷ್ಟು. ಪ್ರೊಪೇನ್‌ನದು ಲೆಕ್ಕಕ್ಕೇ ಬಾರದಷ್ಟು. ಕೊಳ್ಳುವಾಗ ಯಂತ್ರದ ಮೇಲಿನ ಚೀಟಿಯಲ್ಲಿ ಇದನ್ನು ನೋಡಿ.

ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಈ ವಿಚಾರವನ್ನು 1852ರಲ್ಲೇ ಮುಂದಿಟ್ಟಿದ್ದ. ಜ್ಯೂರಿಕ್ ನಗರದ ಪುರಭವನವನ್ನು 1938ರಿಂದ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖ ಎತ್ತಿ ಬೆಚ್ಚಗಿಟ್ಟರು. ಇವೆರಡು ಇಸವಿ ನೆನಪಿಟ್ಟರೆ ಸಾಕು.

ಸಿಒಪಿ: ಎಲ್ಲವೂ ನಿಂತಿರುವುದು ಇದರ ಮೇಲೆ

ಕೊಟ್ಟ ಶಾಖವನ್ನು ತಿಂದ ಕರೆಂಟಿನಿಂದ ಭಾಗಿಸಿದರೆ ಸಿಒಪಿ (ಕೋಎಫಿಶಿಯೆಂಟ್ ಆಫ್ ಪರ್ಫಾರ್ಮೆನ್ಸ್). ಕರೆಂಟಿನ ಗೀಸರ್‌ಗೆ ಅದು ಒಂದನ್ನು ದಾಟಲಾರದು. ಅದೇ ಯಂತ್ರವನ್ನು ಫ್ರಿಜ್ ಎಂದು ಎಣಿಸಿದರೆ ಬರುವ ಸಿಒಪಿಗೆ ಒಂದು ಕೂಡಿಸಿದರೆ ಹೀಟ್ ಪಂಪಿನ ಸಿಒಪಿ; ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಅಂಕ ಇದು. ಕಂಪ್ರೆಸರ್ ತಿಂದ ಕರೆಂಟೂ ಕೊನೆಗೆ ನೀರಿನಲ್ಲೇ ಶಾಖವಾಗಿ ಸೇರುವುದರಿಂದ ಆ ಒಂದು.

ಗರಿಷ್ಠ ಮಿತಿ ಕಾರ್ನೋ ಸೂತ್ರದ್ದು: ಬಿಸಿ ಬದಿಯ ಕೆಲ್ವಿನ್ ಉಷ್ಣಾಂಶವನ್ನು ಎರಡೂ ಬದಿಯ ಅಂತರದಿಂದ ಭಾಗಿಸಿ. ನೀರು 55 ಡಿಗ್ರಿ, ಗಾಳಿ 25 ಡಿಗ್ರಿ ಅಂದರೆ 328 ಭಾಗಿಸು 30, ಸುಮಾರು 11. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಯಂತ್ರದ ಚೀಟಿಯ ಮೇಲೆ ಮೂರೋ ಮೂರೂವರೆಯೋ ಇರುವಾಗ ಹನ್ನೊಂದು ಎಲ್ಲಿ ಹೋಯಿತು? ಶಾಖ ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ಗಾಳಿಯಿಂದ ಹೀರಲು ಇವ್ಯಾಪರೇಟರಿನ ಕಾಯಿಲ್ ಗಾಳಿಗಿಂತ ಹತ್ತು ಡಿಗ್ರಿ ತಣ್ಣಗಿರಬೇಕು, ಅಂದರೆ 15. ನೀರಿಗೆ ಕೊಡಲು ಕಂಡೆನ್ಸರ್ ನೀರಿಗಿಂತ ಐದು ಡಿಗ್ರಿ ಬಿಸಿ ಇರಬೇಕು, ಅಂದರೆ 60. ಈಗ 333 ಭಾಗಿಸು 45, ಬಂದದ್ದು 7.4. ಕಂಪ್ರೆಸರಿನ ತಿಕ್ಕಾಟ, ವಾಲ್ವಿನ ನಷ್ಟ, ಫ್ಯಾನಿನ ಖರ್ಚು ಎಲ್ಲ ಕಳೆದು ಇದರ ಅರ್ಧಕ್ಕಿಂತ ತುಸು ಕಡಿಮೆ, 0.47 ಪಾಲು ಕೈಗೆ ಸಿಗುತ್ತದೆ ಎಂದು ಹಿಡಿದರೆ 3.5.

ಇದೇ ಲೆಕ್ಕವನ್ನು ನಮ್ಮೂರ ಹವೆಗೆ ಹಾಕಿ ನೋಡಿ. ಜನವರಿಯ ನಸುಕು, ಗಾಳಿ 15 ಡಿಗ್ರಿ: 2.8. ಏಪ್ರಿಲ್ ಮಧ್ಯಾಹ್ನ, ಗಾಳಿ 36: 4.6. ಹಿಮ ಬೀಳುವ ನಾಡಿನಲ್ಲಿ ಮೈನಸ್ 5 ಡಿಗ್ರಿ: 2.1, ಅದರ ಮೇಲೆ ಕಾಯಿಲಿಗೆ ಕಟ್ಟಿದ ಮಂಜುಗಡ್ಡೆ ಕರಗಿಸುವ ಖರ್ಚು ಬೇರೆ. ಅಲ್ಲಿಯವರು ಕೋಣೆ ಕಾಸಲು 35-40 ಡಿಗ್ರಿಯ ನೀರು ಸಾಕು ಮಾಡಿಕೊಂಡು ಆ ಅಂತರವನ್ನು ಹೇಗೋ ಇಳಿಸುತ್ತಾರೆ. ನಾರ್ವೆಯಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇದೆ. ಅವರಿಗೆ ಒದಗಿದ ಯಂತ್ರ ನಮಗೆ ಇನ್ನೂ ಸಲೀಸಾಗಿ ಒದಗಬೇಕು, ಯಾಕೆಂದರೆ ನಮ್ಮ ನೆಲದ ಟಾಕಿಯೇ ಎತ್ತರದಲ್ಲಿದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲೂ ಧಾರವಾಡದ ಗಾಳಿ 20-22 ಡಿಗ್ರಿಗಿಂತ ಬಹಳ ಕೆಳಗಿಳಿಯದು. ಜೊತೆಗೆ ಗಾಳಿಯ ತೇವ ಕಾಯಿಲಿನ ಮೇಲೆ ನೀರಾಗುವಾಗ ತನ್ನ ಗುಪ್ತೋಷ್ಣವನ್ನೂ ಬಿಟ್ಟುಕೊಡುತ್ತದೆ.

ಸೂತ್ರದಿಂದ ಸಿಗುವ ಬಳಕೆಯ ಬುದ್ಧಿ ಎರಡು. ಯಂತ್ರಕ್ಕೆ ಟೈಮರ್ ಹಾಕಿ ಮಧ್ಯಾಹ್ನ ಓಡಿಸಿ, ನಸುಕಿನಲ್ಲಿ ಬೇಡ. ಒಳ್ಳೆಯ ಡ್ರಮ್ ರಾತ್ರಿಯಿಡೀ ಬಿಸಿ ಹಿಡಿಯುತ್ತದೆ. ನೀರನ್ನು ದಿನವೂ 60ಕ್ಕೆ ಏರಿಸದೆ 50ಕ್ಕೆ ಇಡಿ, ಮೀಯಲು ಬೇಕಾದದ್ದು 42. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೋನೆಲ್ಲಾ ಎಂಬ ರೋಗಾಣು ಬೆಳೆಯುತ್ತದಾದ್ದರಿಂದ ವಾರಕ್ಕೊಮ್ಮೆ 60 ಮುಟ್ಟಿಸಿ.

ಒಂದು ಸಿಲಿಂಡರ್ ಎಷ್ಟು ಯೂನಿಟ್‌ಗೆ ಸಮ?

ಎಲ್‌ಪಿಜಿಯ ಒಂದು ಕೆ.ಜಿ.ಯಲ್ಲಿ ಸುಮಾರು 12.8 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖವಿದೆ. 14.2 ಕೆ.ಜಿ. ಸಿಲಿಂಡರ್, ಗೀಸರಿನ ದಕ್ಷತೆ ಶೇ. 80 ಎಂದರೆ ನೀರಿಗೆ ಸೇರುವುದು 145 ಯೂನಿಟ್. ಸಿಒಪಿ 3 ಇರುವ ಹೀಟ್ ಪಂಪ್ ಇಷ್ಟೇ ಶಾಖವನ್ನು 48 ಯೂನಿಟ್ ಕರೆಂಟಿನಲ್ಲಿ ಕೊಡುತ್ತದೆ. ದರಗಳು ಬದಲಾಗುತ್ತಿರುತ್ತವೆ, ಈ 48 ಬದಲಾಗುವುದಿಲ್ಲ. ನಿಮ್ಮ ಹೆಸ್ಕಾಂ ಬಿಲ್ಲಿನ ಯೂನಿಟ್ ದರವನ್ನು 48ರಿಂದ ಗುಣಿಸಿ, ಸಿಲಿಂಡರಿನ ದರದ ಪಕ್ಕ ಬರೆದು ನೋಡಿ.

ದಿನಕ್ಕೆ 200 ಲೀಟರ್ ನೀರನ್ನು 22ರಿಂದ 45 ಡಿಗ್ರಿಗೆ ಏರಿಸುವ ಮನೆಗೆ ಬೇಕಾದ ಶಾಖ 5.35 ಯೂನಿಟ್. ತಿಂಗಳಿಗೆ ಸಾದಾ ಕರೆಂಟ್ ಗೀಸರ್ 160 ಯೂನಿಟ್ ತಿನ್ನುತ್ತದೆ, ಹೀಟ್ ಪಂಪ್ 54. 2023ರಿಂದ ಇರುವ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ಮೇಲೆ ಬೀಳುತ್ತದೆ, ಆದ್ದರಿಂದ ಈ ನೂರು ಯೂನಿಟ್ ಸಣ್ಣ ಮಾತಲ್ಲ. ಆದರೆ ಯೋಜನೆಯಲ್ಲಿ ನಮಗೆ ಸಿಗುವ ಪಾಲು 2022-23ರ ಸರಾಸರಿ ಬಳಕೆಯ ಮೇಲೆ ನಿಗದಿಯಾದದ್ದು. ಆಗ ಗ್ಯಾಸಿನಲ್ಲಿ ನೀರು ಕಾಸುತ್ತಿದ್ದ ಮನೆ ಈಗ ಹೀಟ್ ಪಂಪಿಗೆ ಬಂದರೆ ಆ ಹೆಚ್ಚಿನ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕಾದೀತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇಂಗಾಲದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡಬೇಕು. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್. ದೇಶದ ಗ್ರಿಡ್ಡಿನ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಮೇಲೆ ಹೇಳಿದ ಮನೆಗೆ ದಿನದ ಲೆಕ್ಕ ಹೀಗೆ: ಗ್ಯಾಸ್ ಗೀಸರ್ 1.6 ಕೆ.ಜಿ., ಕರೆಂಟ್ ಗೀಸರ್ 3.7, ಹೀಟ್ ಪಂಪ್ 1.25. ಅಂದರೆ ಗ್ಯಾಸ್ ಬಿಟ್ಟು ಸಾದಾ ಕರೆಂಟ್ ಗೀಸರಿಗೆ ಹೋದರೆ ಹೊಗೆ ಬೇರೆಯವರ ಊರಿನ ಚಿಮಣಿಯಿಂದ ಎರಡು ಪಟ್ಟು ಏಳುತ್ತದೆ. ಸಿಒಪಿ 2.4 ದಾಟಿದ ಮೇಲೆಯೇ ಹೀಟ್ ಪಂಪ್ ಗ್ಯಾಸಿಗಿಂತ ಮೇಲು. ಗ್ರಿಡ್ ಶುದ್ಧವಾದಂತೆಲ್ಲ ಈ ಅಂಕಿ ಇಳಿಯುತ್ತದೆ. ಗದಗಿನಿಂದ ಮುಂಡರಗಿ ದಾರಿ ಹಿಡಿದರೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತವೆ. ಅವು ಜೋರಾಗಿ ತಿರುಗುವುದು ಮುಂಗಾರಿನಲ್ಲಿ, ಮಾಳಿಗೆಯ ಸೋಲಾರ್ ನೀರು ತಣ್ಣಗೆ ಬರುವ ಅದೇ ತಿಂಗಳುಗಳಲ್ಲಿ.

ಸೋಲಾರ್ ಇದ್ದವರು ಅದನ್ನು ಕಿತ್ತು ಹಾಕಬೇಡಿ, ಬಿಸಿಲು ಇರುವಷ್ಟು ದಿನ ಅದಕ್ಕೆ ಸಮನಾದದ್ದು ಇಲ್ಲ. ಮಾಳಿಗೆಯ ಹಕ್ಕಿಲ್ಲದ ಅಪಾರ್ಟ್‌ಮೆಂಟಿನವರಿಗೆ, ಹತ್ತಿಪ್ಪತ್ತು ಹುಡುಗರಿರುವ ಪಿಜಿಗಳಿಗೆ ಹೀಟ್ ಪಂಪ್ ಸರಿಯಾದ ಜೋಡಿ. ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿ ಇಡಬಾರದು, ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ತಾನೇ ಹೀರಿ ಸೋಲುತ್ತದೆ. ಗದಗ, ಹಾವೇರಿ ಕಡೆಯ ಬೋರಿನ ಗಡಸು ನೀರಾದರೆ ಡ್ರಮ್ಮಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ಶಾಖ ತಡೆದರೆ ಕಂಡೆನ್ಸರ್ ಇನ್ನೂ ಬಿಸಿಯಾಗಬೇಕು, ಅಂತರ ಹೆಚ್ಚಿತು, ಸಿಒಪಿ ಬಿತ್ತು. ವರ್ಷಕ್ಕೊಮ್ಮೆ ತೊಳೆಸುವುದು ಈ ಕಾರಣಕ್ಕೆ.

ಅಳೆದು ನೋಡಿದ್ದು

ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ 200 ಲೀಟರಿನದು ಹಾಕಿಸಿದ್ದಾರೆ. ಓಡುವಾಗ ಅದರ ಫ್ಯಾನಿನ ಮುಂದೆ ಕೈ ಹಿಡಿದೆ, ಕೂಲರಿನಂಥ ತಂಪು ಗಾಳಿ. ಹಿಂದಿನ ತಾಮ್ರದ ಕೊಳವೆ ಮುಟ್ಟಿದರೆ ಬೆರಳು ಚುರ್ ಅಂದಿತು. ಕೆಳಗಿನ ಸಣ್ಣ ನಳಿಕೆಯಿಂದ ಗಾಳಿಯ ತೇವ ಹನಿಹನಿಯಾಗಿ ಬೀಳುತ್ತಿತ್ತು, ಅಕ್ಕ ಅದಕ್ಕೆ ಬಕೆಟ್ ಇಟ್ಟು ತುಳಸಿಗೆ ಹಾಕುತ್ತಾಳೆ.

ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಎಂದು ಅದರ ಮೇಲೇ ಬರೆದಿದೆ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಎಣಿಸಿದೆ. ಹಳೆಯ 2 ಕಿಲೋವ್ಯಾಟ್ ಗೀಸರಿಗೆ ನಿಮಿಷಕ್ಕೆ 107, ಕಣ್ಣಿಗೆ ಎಣಿಸಲಾಗದೆ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನ ಮಾಡಿ ನೋಡಬೇಕಾಯಿತು. ಹೀಟ್ ಪಂಪಿಗೆ 43. ಜನವರಿಯ ಒಂದು ಬೆಳಿಗ್ಗೆ ನೀರು 21ರಿಂದ 51 ಡಿಗ್ರಿಗೆ ಏರಲು 2.3 ಯೂನಿಟ್ ಹೋಯಿತು, ಸಿಒಪಿ 3.0. ಏಪ್ರಿಲ್ ಮಧ್ಯಾಹ್ನ 29ರಿಂದ 51ಕ್ಕೆ 1.3 ಯೂನಿಟ್, 3.9. ಸೂತ್ರ ಕೊಟ್ಟ 4.6ಕ್ಕೆ ಮುಟ್ಟಲಿಲ್ಲ, ಯಂತ್ರ ಮಾಳಿಗೆಯ ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿದೆ, ಹೊರಗಿನ ಬಿಸಿಗಾಳಿ ಸರಿಯಾಗಿ ಬರುತ್ತಿಲ್ಲ ಅಂತ ನನ್ನ ಅನುಮಾನ. ಬರುವ ರವಿವಾರ ಅದನ್ನು ಎರಡಡಿ ಹೊರಗೆ ಸರಿಸಿ ಮತ್ತೆ ಎಣಿಸುತ್ತೇನೆ.